ನಾಲ್ಕು ಮೂಲೆಗೆ ಅರಿಶಿನ

ಮೊನ್ನೆ ಮೊಮ್ಮಗನ ಮದುವೆಯ ಕಾರ್ಡುಗಳು ಪ್ರೆಸ್ಸಿನಿಂದ ಬಂದವು. ನಾಗಪುರದ ಮನೀಶ್ ನಗರದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಚಾಪೆ ಹಾಸಿಕೊಂಡು, ಬಟ್ಟಲಲ್ಲಿ ಅರಿಶಿನ ಕಲಸಿಟ್ಟುಕೊಂಡು, ಒಂದೊಂದೇ ಲಕೋಟೆಯ ಮೂಲೆಗೆ ಬೆರಳು ಒತ್ತುತ್ತ ಕೂತಿದ್ದೆ. ಮೊಮ್ಮಗ ರೋಹನ್ ಬಂದು ಸ್ವಲ್ಪ ಹೊತ್ತು ನೋಡಿದ. "ಆಜಿ, ಎಲ್ಲಾರಿಗೂ ಮೊಬೈಲ್‌ನಾಗ ಹೋಗೇತಲ್ಲ, ಹೇ ಕಶಾಲಾ?" ಅಂದ, ಇದ್ಯಾಕೆ ಎಂದು. ಅವನ ಕನ್ನಡ ಇಷ್ಟೇ. ಅರ್ಧ ದಾರಿಗೆ ಬಂದು ಮರಾಠಿಯ ಕೈ ಹಿಡಿಯುತ್ತದೆ.

"ಮೊಬೈಲಿಗೆ ಅರಿಷಿಣ ಹಚ್ಚಾಕ ಬರೂದಿಲ್ಲ ಅಂತ ಇದಕ್ಕ ಹಚ್ಚಾಕತ್ತೀನಿ. ಬೆಳಕ ಬಿಟ್ಟು ಸರಿ" ಅಂದೆ.

ಅವನೇನೋ ನಗುತ್ತ ಹೋದ. ನನ್ನ ಕೈ ಮಾತ್ರ ಅಲ್ಲಿಯೇ ನಿಂತಿತು. ಒದ್ದೆ ಅರಿಶಿನ ಕಾಗದಕ್ಕೆ ತಾಗಿದರೆ ಒಂದು ವಾಸನೆ ಬರುತ್ತದೆ. ಅಡುಗೆಯ ಅರಿಶಿನಕ್ಕೆ ಆ ವಾಸನೆ ಇಲ್ಲ, ಪೂಜೆಯದಕ್ಕೂ ಇಲ್ಲ. ಅದು ಮೂಗಿಗೆ ಬಂದಾಗಲೆಲ್ಲ ನನಗೆ ಒಬ್ಬ ಸಿಪಾಯಿಯ ನೆನಪಾಗುತ್ತದೆ. ಮದುವೆಯ ಮನೆಯಲ್ಲಿ ಇದೆಂಥ ನೆನಪು ಎಂದು ಸೊಸೆ ಬೇಜಾರು ಮಾಡಿಕೊಂಡಾಳು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುತ್ತೇನೆ. ಬರೆದದ್ದನ್ನು ಈ ಮನೆಯಲ್ಲಿ ಓದುವವರು ಹೇಗೂ ಯಾರೂ ಇಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಆ ವರ್ಷ ಮೆಟ್ರಿಕ್ ಪರೀಕ್ಷೆ ಬರೆದು ಕೂತಿದ್ದೆ. ಅಪ್ಪ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಗದಗಿನ ಕಡೆಯಿಂದ ವರ್ಗವಾಗಿ ಬಂದ ನಾವು ನಾಗಪುರದ ಅಜನಿಯ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ರಾಜ್ಯಗಳನ್ನು ಒಡೆದು ಕೂಡಿಸುವ ಮಾತು ಎಲ್ಲ ಕಡೆ ಕಾವೇರಿತ್ತು. ನಾಗಪುರ ಯಾರ ಪಾಲಿಗೆ, ನಮ್ಮ ಧಾರವಾಡ ಯಾರ ಪಾಲಿಗೆ ಎಂದು ಗಂಡಸರು ಬೇವಿನ ಮರದ ಕೆಳಗೆ ಕೂತು ದಿನವೂ ಹಂಚುತ್ತಿದ್ದರು. ಅವ್ವನಿಗೆ ಅದರ ಗೊಡವೆ ಇರಲಿಲ್ಲ. "ಯಾರರೆ ತಗೊಳ್ಳಿ, ಇಲ್ಲಿ ಬಿಸಲು ಯಾರ ತಗೊಂಡಾರು ಕೇಳು" ಅನ್ನುತ್ತಿದ್ದಳು.

ಆ ಸಿಪಾಯಿ, ಫಕೀರಪ್ಪ, ನಮಗೆ ಸಿಕ್ಕದ್ದು ಅದಕ್ಕೂ ಮುಂಚಿನ ಚಳಿಗಾಲದಲ್ಲಿ, ಸೀತಾಬರ್ಡಿಯ ಬಾಜಾರಿನಲ್ಲಿ. ಕಿತ್ತಳೆ ಮಾರುವವನೊಬ್ಬ ಅವ್ವನಿಗೆ ಕೊಳೆತದ್ದನ್ನು ಕೆಳಗಿಟ್ಟು ಒಳ್ಳೆಯದನ್ನು ಮೇಲಿಟ್ಟು ಬುಟ್ಟಿ ತುಂಬಿದ್ದ. ಅವ್ವನಿಗೆ ಮರಾಠಿಯಲ್ಲಿ ಕೊಳ್ಳಲು ಬರುತ್ತಿತ್ತು, ಬೈಯಲು ಬರುತ್ತಿರಲಿಲ್ಲ. ಅಪ್ಪಟ ಕನ್ನಡದಲ್ಲಿ, "ನಿನ್ನ ಹೆಣಾ ಎತ್ತಲಿ, ನಿನ್ನ ಬಾಯಾಗ ಮಣ್ಣ ಹಾಕ, ಮಂದಿ ಕಣ್ಣಾಗ ಮಣ್ಣ ಒಗದು ಎಷ್ಟ ದಿನಾ ಬಾಳತಿ" ಅಂತ ಶುರು ಮಾಡಿದಳು. ಅವನು ತಿಳಿಯದೆ ನಗುತ್ತ ನಿಂತಿದ್ದ. ಅಷ್ಟರಲ್ಲಿ ಹಿಂದೆ ಯಾರೋ ಗೊಳ್ಳನೆ ನಕ್ಕರು. ತಿರುಗಿ ನೋಡಿದರೆ ಖಾಕಿ ಬಟ್ಟೆಯ ಹುಡುಗ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾನೆ.

"ಯಾವೂರ್ರಿ ಅಕ್ಕಾರ? ಈ ಬೈಗಳಾ ಕೇಳಿ ಭಾಳ ದಿನಾ ಆಗಿತ್ರಿ. ಇನ್ನೊಂದ ಸ್ವಲ್ಪ ಬೈರಿ" ಅಂದ.

ಅವ್ವ ಅವನಿಗೂ ಎರಡು ಅಂದಳು, ಆಮೇಲೆ ಮನೆಗೆ ಕರೆತಂದಳು. ನವಲಗುಂದದ ಹತ್ತಿರದ ಹಳ್ಳಿಯವನು. ಕಾಮ್ಟಿಯ ದಂಡಿನಲ್ಲಿ ಸಿಪಾಯಿ. ಇಪ್ಪತ್ತೆರಡರ ವಯಸ್ಸು ಇದ್ದೀತು, ಮೀಸೆ ಇನ್ನೂ ಮನಸ್ಸು ಮಾಡಿರಲಿಲ್ಲ. ಅಂದಿನಿಂದ ರಜೆ ಸಿಕ್ಕ ಭಾನುವಾರವೆಲ್ಲ ಪ್ಯಾಸೆಂಜರ್ ಗಾಡಿ ಹಿಡಿದು ಬರುತ್ತಿದ್ದ. ಬಂದವನೇ ಕಟ್ಟಿಗೆ ಒಡೆದು ಹಾಕುತ್ತಿದ್ದ, ಮನೆಯ ಮುಂದಿನ ನಳದಿಂದ ನೀರು ತುಂಬುತ್ತಿದ್ದ. ಅವ್ವ "ಬಿಡೋ ತಮ್ಮಾ" ಅಂದರೂ ಬಿಡುತ್ತಿರಲಿಲ್ಲ. ಒಲೆಯ ಮುಂದೆ ಕೂತು ಬಿಸಿರೊಟ್ಟಿಗಳನ್ನು ಅವ್ವ ಬಡಿಯುವಷ್ಟೇ ಜಲ್ದಿ ಮುಗಿಸುತ್ತಿದ್ದ. ಪಲ್ಟನ್ನಿನ ಊಟದ ಬಗ್ಗೆ ಕೇಳಿದರೆ, "ಹೊಟ್ಟಿ ತುಂಬತೈತ್ರಿ, ಬಾಯಿ ತುಂಬೂದಿಲ್ಲ" ಅನ್ನುತ್ತಿದ್ದ.

ಅವನು ಊರಲ್ಲಿ ಶಾಲೆಯ ಮುಖ ನೋಡಿದವನಲ್ಲ. ಪಲ್ಟನ್ನಿಗೆ ಸೇರಿದ ಮೇಲೆ ಅಲ್ಲಿಯ ತರಗತಿಯಲ್ಲಿ ಹಿಂದಿ ಓದು ಬರಹ ಕಲಿಸಿದ್ದರು. ಹೀಗಾಗಿ ಅವನ ಕಥೆ ವಿಚಿತ್ರವಾಗಿತ್ತು. ಬರೆಯಲು ಬರುವ ಭಾಷೆ ಊರಲ್ಲಿ ಯಾರಿಗೂ ಗೊತ್ತಿಲ್ಲ, ಊರಿಗೆ ಗೊತ್ತಿರುವ ಭಾಷೆ ಇವನಿಗೆ ಬರೆಯಲು ಬರುವುದಿಲ್ಲ. ಮೂರು ವರ್ಷದಿಂದ ತಾಯಿಗೆ ಮನಿಯಾರ್ಡರು ಕಳಿಸುತ್ತಿದ್ದನೇ ಹೊರತು ಒಂದು ಕಾಗದ ಬರೆದಿರಲಿಲ್ಲ. ಅದರ ರಸೀದಿಯ ಮೇಲೆ ಬರುವ ತಾಯಿಯ ಹೆಬ್ಬಟ್ಟಿನ ಗುರುತೇ ಅವನಿಗೆ ಊರಿನ ಸುದ್ದಿ. "ಮಸಿ ಬರೋಬರ್ ಬಿದ್ದೈತಂದ್ರ ಕೈ ಗಟ್ಟಿ ಐತಿ ಅಂತ ಅರ್ಥ" ಎಂದು ನಮಗೆ ತೋರಿಸುತ್ತಿದ್ದ. ನನಗೆ ಪಾಪ ಅನಿಸಿತು. ಪರೀಕ್ಷೆ ಮುಗಿದ ಮೇಲೆ ನನ್ನ ಹಳೆಯ ಪಾಟಿ ತೆಗೆದು ಕನ್ನಡ ಅಕ್ಷರ ತಿದ್ದಿಸಲು ಕೂತೆ. ಬಂದೂಕು ಹಿಡಿಯುವ ಕೈ ಬಳಪವನ್ನು ಮುರಿದು ಮುರಿದು ಹಾಕುತ್ತಿತ್ತು. "ಇಂದಿರವ್ವ, ನಿಮ್ಮ ಈ ‘ಳ’ ಅಕ್ಷರಕ್ಕಿಂತ ನಮ್ಮ ಹವಾಲ್ದಾರ ಚಲೋ" ಅನ್ನುತ್ತಿದ್ದ.

ಆ ಬೇಸಿಗೆಯ ಬಿಸಿಲನ್ನು ಹೇಗೆ ಹೇಳಲಿ. ನಾಗಪುರದ ಮೇ ತಿಂಗಳು ಗೊತ್ತಿದ್ದವರಿಗೆ ಹೇಳುವುದು ಬೇಡ, ಗೊತ್ತಿಲ್ಲದವರಿಗೆ ಹೇಳಿದರೂ ನಂಬುವುದಿಲ್ಲ. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ, ಅದಕ್ಕೆ ನೀರು ಹೊಡೆಯುತ್ತ, ಒಳಗೆ ಮಾವಿನಕಾಯಿಯ ಪನ್ಹೆ ಕುಡಿಯುತ್ತ ಹಗಲು ಕಳೆಯಬೇಕು. ಅಂಥ ಒಂದು ಭಾನುವಾರ ಫಕೀರಪ್ಪ ಬಂದ. ಕಟ್ಟಿಗೆ ಒಡೆಯಲಿಲ್ಲ. ಅವ್ವ ರೊಟ್ಟಿ ಹಾಕಿದರೆ ತುಂಡು ಮುರಿದು ಹಾಗೇ ಕೂತ.

"ಯಾಕೋ, ಖಾರ ಆತೇನು?"

"ಇಲ್ರಿ ಅಕ್ಕಾರ. ನಮ್ಮ ಪಲ್ಟನ್ನು ಹೊಂಟೈತ್ರಿ. ಅಸ್ಸಾಮಿನ ಕಡೆ, ಗುಡ್ಡದಾಗ. ಅಲ್ಲಿ ಹೊಡೆದಾಟ ನಡದೈತಿ."

ಅವ್ವನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಯಾವಾಗ ಎಂದು ಅಪ್ಪ ಕೇಳಿದ. ದಿನ ಹೇಳುವುದಿಲ್ಲ, ಮಳೆ ಹಿಡಿಯುವುದರೊಳಗೆ ಎಂದಷ್ಟೇ ಗೊತ್ತು ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅವ್ವಗ ಒಂದು ಕಾಗದಾ ಬರದ ಕೊಡ್ರಿ. ಕನ್ನಡದಾಗ. ಉತ್ತರ ನಿಮ್ಮ ಮನಿಗೆ ತರಸ್ತೀನಿ, ನೀವ ಓದಿ ಹೇಳ್ರಿ" ಅಂದ.

ಅಪ್ಪನ ಪೆನ್ನು ತೆಗೆದುಕೊಂಡು ತಟ್ಟಿಯ ಹತ್ತಿರ ಕೂತೆ. ಅವನು ಚಕ್ಕಳಮಕ್ಕಳ ಹಾಕಿ, ಟೊಪ್ಪಿಗೆಯನ್ನು ಮೊಳಕಾಲ ಮೇಲಿಟ್ಟು, ಸಾಹೇಬನ ಮುಂದೆ ವರದಿ ಒಪ್ಪಿಸುವವನ ಹಾಗೆ ಹೇಳುತ್ತ ಹೋದ. ನಾನು ಅವನ ಮಾತನ್ನು ತಿದ್ದದೆ ಹಾಗೇ ಬರೆದೆ. ಅದು ನನಗೆ ಇಂದಿಗೂ ಬಾಯಿಪಾಠ.

"ಅವ್ವಗ ಫಕೀರ ಮಾಡುವ ನಮಸ್ಕಾರ. ನಾ ಆರಾಮ ಅದೀನಿ. ನಮ್ಮ ಪಲ್ಟನ್ನು ಗುಡ್ಡದ ಕಡೆ ಹೊಂಟೈತಿ. ಅಲ್ಲಿ ಗುಂಡು ಹಾರತಾವು. ಮುಚ್ಚಿಟ್ಟರ ಮಂದಿ ಬಾಯಿಲೆ ನಿನಗ ಗೊತ್ತಾಗತೈತಿ, ಅದಕ್ಕ ನಾನ ಹೇಳೀನಿ. ನೀಲವ್ವ ದೀಪಾವಳಿತನಾ ನನ್ನ ಹಾದಿ ನೋಡಲಿ. ಅಷ್ಟರಾಗ ನನ್ನ ಸುದ್ದಿ ಬರಲಿಲ್ಲಂದ್ರ ಮಾವಗ ಹೇಳಿ ಆಕೀಗೆ ಬ್ಯಾರೆ ಕಡೆ ನೋಡ್ರಿ. ತೊಟ್ಟಿಲದಾಗ ಮಾತು ಕೊಟ್ಟೇವಂತ ಆಕೀನ ಕಟ್ಟಿ ಹಾಕಬ್ಯಾಡ್ರಿ."

ನೀಲವ್ವ ಅವನ ಸೋದರಮಾವ ಯಲ್ಲಪ್ಪನ ಮಗಳು. ಅದೇ ಊರು, ಅದೇ ಓಣಿ. ಇಷ್ಟು ಹೇಳಿ ಅವನು ಟೊಪ್ಪಿಗೆ ಕೈಗೆತ್ತಿಕೊಂಡ. ಮುಗಿಯಿತೇನೋ ಎಂದು ಪೆನ್ನಿನ ಮುಚ್ಚಳ ಹಾಕಿದೆ. "ಇನ್ನೊಂದು ಐತ್ರಿ. ಬರಸೂದು ಅದ ಇತ್ತು" ಅಂದ.

"ಅವ್ವಾ, ನಾ ದಂಡಿಗೆ ಹೊಂಟ ದಿನಾ ನಿನ್ನ ಕೂಡ ಜಗಳಾಡಿ, ನೀ ಕಟ್ಟಿದ ಬುತ್ತಿ ಕಟ್ಟೀ ಮ್ಯಾಲ ಒಗದು ಹೋದೆ. ಆಮ್ಯಾಲೆ ನೀ ನೋಡಿದಾಗ ಬುತ್ತಿ ಇರಲಿಲ್ಲ. ನಾಯಿ ಒಯ್ತು ಅಂತ ತಿಳದಿರ್ತಿ. ನಾಯಿ ಒಯ್ದಿಲ್ಲ. ನಾ ಹಳ್ಳದತನಾ ಹೋಗಿ ತಿರುಗಿ ಬಂದೆ. ನೀ ಒಳಗ ಅಳಾಕತ್ತಿದ್ದಿ. ಕರೀಬೇಕಂದೆ, ಬಾಯಿ ಬರಲಿಲ್ಲ. ಬುತ್ತಿ ತಗೊಂಡು ಸಪ್ಪಳ ಮಾಡದ ಹೋದೆ. ಹುಬ್ಬಳ್ಳಿ ಟೇಶನ್ದಾಗ ಕುಂತು ಉಂಡೆ. ನಿನ್ನ ಮಗಾ ಉಪಾಸ ಹೋಗಿಲ್ಲವಾ. ಇದನ್ನ ನಿನಗ ಹೇಳದ ಗುಡ್ಡಾ ಹತ್ತಬಾರದು ಅಂತ ಬರಸೀನಿ."

ನಾನು ಕಾಗದದಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ. ಮೂರು ವರ್ಷ ಆ ಒಂದು ಬುತ್ತಿ ಅವನ ಎದೆಯ ಮೇಲೆ ಕೂತಿತ್ತು. ಯುದ್ಧದ ಹೆದರಿಕೆಗಿಂತ ಅದೇ ದೊಡ್ಡದಾಗಿತ್ತು.

ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ವಿಳಾಸ, ಹಿಂದೆ ನಮ್ಮ ಕ್ವಾರ್ಟರ್ಸಿನ ವಿಳಾಸ ಬರೆದೆ. ಅವ್ವ ಕಣ್ಣೊರೆಸಿಕೊಳ್ಳುತ್ತ ಒಳಗಿನಿಂದ ಬಟ್ಟಲು ಹಿಡಿದು ಬಂದಳು. "ರಣಕ್ಕ ಹೋಗೋ ಹುಡುಗನ ಕಾಗದಾ ಬರೀ ಮೂಲಿಲೆ ಹೋಗಬಾರದು. ತಾ ಇಲ್ಲೆ" ಎಂದು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು, ನಡುವೆ ಕುಂಕುಮದ ಬೊಟ್ಟು ಇಟ್ಟಳು. ಫಕೀರಪ್ಪನ ಮುಖ ಆಗ ಅರಳಿತು. "ಹಚ್ಚರಿ ಅಕ್ಕಾರ. ನಮ್ಮವ್ವ ನೋಡಿ ಖುಷಿ ಆಗತಾಳ" ಅಂದ. ನಾಲ್ಕು ಜನ ಅಲ್ಲೇ ಇದ್ದೆವು. ನಮ್ಮ ಕಡೆ ನಾಲ್ಕು ಮೂಲೆಗೆ ಅರಿಶಿನ ಬಿದ್ದ ಕಾಗದ ಅಂದರೆ ಏನು ಎನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಬಂದು ಬಾಗಿಲಲ್ಲೇ ಕೇಳಿದ, "ಬಂತೇನ್ರಿ?" ಬಂದಿರಲಿಲ್ಲ. ಅದರ ಮುಂದಿನ ಭಾನುವಾರವೂ ಬಂದಿರಲಿಲ್ಲ. ಅವ್ವ "ಟಪಾಲಿನ ಹಣೇಬರಾ ಇಷ್ಟ, ಬರತೈತಿ ತಗೋ" ಎಂದಳು. ಅವನು "ಸಿಟ್ಟು ಇನ್ನೂ ಇಳದಿಲ್ಲ ಅನಸ್ತೈತ್ರಿ" ಎಂದು ಪಾಟಿ ತೆಗೆದುಕೊಂಡು ಅವ್ವ, ಅವ್ವ ಎಂದು ಸಾಲುದ್ದ ತಿದ್ದುತ್ತ ಕೂತ. ಅವನನ್ನು ನೋಡಲು ಆಗುತ್ತಿರಲಿಲ್ಲ. ನಾನು ಟಪಾಲಿನವನಿಗೆ ದಿನವೂ ಬಿಸಿಲಲ್ಲಿ ಕಾದೆ, ಅವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುವಂತಾದ.

ಮತ್ತೊಂದು ಭಾನುವಾರ ಬಂತು, ಫಕೀರಪ್ಪ ಬರಲಿಲ್ಲ. ಅವ್ವ ರೊಟ್ಟಿ ಮಾಡಿ ಮುಚ್ಚಿಟ್ಟಳು. ಸಂಜೆ ಅಪ್ಪ ಶೆಡ್ಡಿನಿಂದ ಬಂದು, ಟೊಪ್ಪಿಗೆ ಗೂಟಕ್ಕೆ ಹಾಕಿ, "ಮಿಲ್ಟ್ರಿ ಸ್ಪೆಷಲ್ ಮುಂಜೇಲೆನ ಹೋತಂತ" ಅಂದ. ಅವ್ವ ಆ ರೊಟ್ಟಿಗಳನ್ನು ಯಾರಿಗೂ ಹಾಕಲಿಲ್ಲ.

ಮೃಗಶಿರದ ಮಳೆ ಹಿಡಿಯಿತು. ನಾಗಪುರದ ಮೊದಲ ಮಳೆಗೆ ಎಲ್ಲರೂ ಅಂಗಳಕ್ಕೆ ಬಂದು ನೆನೆಯುತ್ತಾರೆ. ಹಾಗೆ ನೆನೆದು ತಲೆ ಒರೆಸಿಕೊಳ್ಳುತ್ತ ನಿಂತಿದ್ದೆ. ಯಾರೋ ಇಬ್ಬರು ಗೋಣಿಚೀಲ ತಲೆಗೆ ಹೊದ್ದು ಬಂದು ನಮ್ಮ ಬಾಗಿಲ ಮುಂದೆ ನಿಂತರು. ಪಟಗ ಸುತ್ತಿದ ಗಂಡಸು, ಇಳಕಲ್ಲ ಸೀರೆಯ ಹೆಂಗಸು. ಹೆಂಗಸು ನನ್ನ ಮುಖ ನೋಡಲಿಲ್ಲ. ಮೊದಲು ಕೊರಳು ನೋಡಿದಳು, ಆಮೇಲೆ ಬಗ್ಗಿ ಕಾಲು ನೋಡಿದಳು.

"ಕಾಲುಂಗರ ಎಲ್ಲಿ?" ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. "ಅವ್ವಾ" ಎಂದು ಕೂಗಿದೆ. ಅವ್ವ ಬರುವಷ್ಟರಲ್ಲಿ ಗಂಡಸು ಶುರು ಮಾಡಿದ್ದ. "ಇದ ಏನು ಮನಿ? ನಮ್ಮ ಹುಡುಗನ್ನ ಬುಟ್ಟಿಗೆ ಹಾಕ್ಕೊಂಡ ಮನಿ? ಹಡದ ತಾಯಿಗೆ ಹೇಳದ ಲಗ್ನಾ ಮಾಡಿ, ಮ್ಯಾಲ ಅರಿಷಿಣದ ಕಾಗದಾ ಬ್ಯಾರೆ! ನನ್ನ ಮಗಳು ಹುಟ್ಟಿದಾಗಿಂದ ಅವನ ಹೆಸರ ಮ್ಯಾಲೆ ಕುಂತಾಳ. ಆಕೀ ಗತಿ ಏನ್ರಿ?"

ಅವ್ವ ಕೈ ಸೊಂಟಕ್ಕೆ ಇಟ್ಟಳು. "ಯಾರ್ರಿ ನೀವು? ನನ್ನ ಮಗಳ ಬಗ್ಗೆ ನಾಲಿಗಿ ಹರಿಬಿಟ್ರ ನೆಟ್ಟಗಾಗೂದಿಲ್ಲ ನೋಡ್ರಿ. ಆಕೀ ಇನ್ನೂ ಸಾಲಿ ಕಲಿಯೋ ಹುಡುಗಿ!"

ಹೆಂಗಸು ಸೆರಗಿನ ಗಂಟು ಬಿಚ್ಚಿ ಲಕೋಟೆಯನ್ನು ಮುಂದೆ ಹಿಡಿದಳು. ನನ್ನದೇ ಅಕ್ಷರ. ನಾಲ್ಕು ಮೂಲೆಗೆ ಒಣಗಿದ ಅರಿಶಿನ. ಅಂಟಿಸಿದ ಬಾಯಿ ಹಾಗೇ ಇದೆ, ಒಡೆದೇ ಇಲ್ಲ. ಅವ್ವ ಅದನ್ನು ನೋಡಿದಳು, ತನ್ನ ಬೆರಳು ನೋಡಿಕೊಂಡಳು. "ಅಯ್ಯ ಶಿವನ" ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಆಕೆ ಫಕೀರಪ್ಪನ ತಾಯಿ ಗಂಗವ್ವ, ಆತ ಯಲ್ಲಪ್ಪ. ಒಳಗೆ ಕೂರಿಸಿ, ಒಣಬಟ್ಟೆ ಕೊಟ್ಟು, ಚಹಾ ಕೊಟ್ಟ ಮೇಲೆ ಒಂದೊಂದೇ ತಿಳಿಯಿತು. ಊರಿನ ಟಪಾಲಿನವನು ಲಕೋಟೆ ಕೊಡುವಾಗಲೇ ಓಣಿಗೆ ಕೇಳುವಂತೆ, "ಗಂಗವ್ವ, ಬಾಯಿ ಸೀ ಮಾಡವಾ, ಮಗನ ಲಗ್ನದ ಕಾಗದಾ ಬಂದೈತಿ. ನಾಗಪುರದ ಹೆಣ್ಣಂತ ಕಾಣತೈತಿ, ಹಿಂದ ಆಕೀ ಮನಿ ವಿಳಾಸ ಐತಿ, ಅಕ್ಷರಾನೂ ಹೆಣ್ಣಿಂದು" ಎಂದು ಸಾರಿದ್ದ. ಒಡೆದು ಓದಲೇ ಎಂದರೆ ಗಂಗವ್ವ ಕಸಿದುಕೊಂಡಿದ್ದಳು. "ಓದಸೂದೇನೈತಿ, ಅರಿಷಿಣನ ಹೇಳಾಕತ್ತೈತಲ್ಲ. ಓದಿಸಿ ಊರಾಗ ಮತ್ತಿಷ್ಟು ಮರ್ಯಾದಿ ಕಳಕೊಳ್ಳೂದು ಬ್ಯಾಡ ಅಂತ ಗೂಡಿನ್ಯಾಗ ಇಟ್ಟೆ" ಅಂದಳು. ಮೂರು ವರ್ಷದ ನಂತರ ಮಗನಿಂದ ಬಂದ ಮೊದಲ ಕಾಗದ. ಬುತ್ತಿ ಒಗೆದು ಹೋದವನು ಇದನ್ನೂ ಮಾಡಿಯಾನು ಎಂದು ಆಕೆಗೆ ಅನಿಸಿಬಿಟ್ಟಿತ್ತು. ನೀಲವ್ವ ಊಟ ಬಿಟ್ಟಳು. ಕೊನೆಗೆ ಯಲ್ಲಪ್ಪನೇ ತಂಗಿಯನ್ನು ಎಬ್ಬಿಸಿಕೊಂಡು, ಗಾಡಿಯಿಂದ ಗಾಡಿಗೆ ಹತ್ತಿ ಇಳಿದು, ಕಂಡಕಂಡವರಿಗೆ ಲಕೋಟೆಯ ಹಿಂಭಾಗ ತೋರಿಸುತ್ತ ಇಲ್ಲಿಗೆ ಮುಟ್ಟಿದ್ದ.

"ಫಕೀರ ಎಲ್ಲದಾನ?" ಎಂದಳು ಗಂಗವ್ವ.

ಅವ್ವನೇ ಹೇಳಬೇಕಾಯಿತು. "ಹ್ವಾದ ವಾರ ಹೋದನವಾ. ರಣಕ್ಕ. ಅದನ್ನ ನಿನಗ ಹೇಳಾಕ ಬರಸಿದ್ದ ಕಾಗದಾ ಇದು. ಲಗ್ನದ್ದಲ್ಲ. ಅರಿಷಿಣಾ ಹಚ್ಚಿದಾಕಿ ನಾನು. ಹುಡುಗಗ ಒಳ್ಳೇದಾಗಲಿ ಅಂತ ಹಚ್ಚಿದ್ನೆ ನಮ್ಮವ್ವಾ, ನನ್ನ ಬುದ್ಧಿಗೆ ಬೆಂಕಿ ಹತ್ತಲಿ."

ಗಂಗವ್ವ ಬೈಯುತ್ತಾಳೆ ಅಂದುಕೊಂಡೆ. ಆಕೆ ಲಕೋಟೆಯನ್ನು ನನ್ನ ಕೈಗಿಟ್ಟು, "ಓದು ಮಗಳ" ಅಂದಳು.

ಓದಿದೆ. ಮಳೆ ತಗಡಿನ ಮೇಲೆ ಹೊಯ್ಯುತ್ತಿತ್ತು, ಗಂಟಲೆತ್ತಿ ಓದಬೇಕಾಯಿತು. ಗುಂಡು ಹಾರುತ್ತವೆ ಅನ್ನುವಲ್ಲಿ ಆಕೆ ಅಲ್ಲಾಡಲಿಲ್ಲ. ನೀಲವ್ವನ ಮಾತಿಗೆ ಯಲ್ಲಪ್ಪ ಪಟಗ ತೆಗೆದು ಮೊಳಕಾಲ ಮೇಲಿಟ್ಟುಕೊಂಡ. ಬುತ್ತಿಯ ಮಾತು ಬಂದಾಗ ಗಂಗವ್ವ ಮುಂದಕ್ಕೆ ಸರಿದು ನನ್ನ ಬಾಯಿಯನ್ನೇ ನೋಡತೊಡಗಿದಳು. ಮುಗಿದ ಮೇಲೂ ನೋಡುತ್ತಲೇ ಇದ್ದಳು.

"ತಿಂದನಂತ?"

"ಹೌದ್ರಿ. ಹುಬ್ಬಳ್ಳಿ ಟೇಶನ್ದಾಗ."

"ಆ ಹಾಳ ನಾಯಿಗೆ ಮೂರ ವರ್ಷ ಬೈದೀನಲ್ಲವಾ" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವ್ವ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು, ತಾನೂ ಅತ್ತಳು. ಸ್ವಲ್ಪ ಹೊತ್ತಿಗೆ ಗಂಗವ್ವ ಮುಖ ಒರೆಸಿಕೊಂಡು ಮತ್ತೆ ಕೇಳಿದಳು, "ಗುರೆಳ್ಳ ಚಟ್ನಿ ಕಟ್ಟಿದ್ದೆ. ಎಲಿಯಾಗ ಬ್ಯಾರೆ ಸುತ್ತಿ. ಅದನ್ನೂ ತಿಂದನೇನು?"

ನಾನು ಕಾಗದವನ್ನು ಇನ್ನೊಮ್ಮೆ ನೋಡಿದೆ. "ಚಟ್ನಿ ಸುದ್ದಿ ಬರಸಿಲ್ರಿ. ಉತ್ತರದಾಗ ಕೇಳಿ ಬರೀಲೇನು?"

"ಬ್ಯಾಡ. ರಣದಾಗ ನಿಂತವಗ ಚಟ್ನಿ ಮಾತು ಏನು ಕೇಳೂದು? ಬಂದಾಗ ಕೇಳ್ತೀನಿ."

ಉತ್ತರ ಬರೆಸಿದಳು. ಕಾಗದ ಮುಟ್ಟಿತು, ನೀಲವ್ವ ಕಾಯುತ್ತಾಳೆ, ದೀಪಾವಳಿ ಗೀಪಾವಳಿ ಅನ್ನದೆ ಕಾಯುತ್ತಾಳೆ, ನೀನು ಬಾ. ಇಷ್ಟೇ. ಪಲ್ಟನ್ನಿನ ವಿಳಾಸವನ್ನು ಅವನು ಮೊದಲೇ ನನ್ನ ಪಾಟಿಯ ಹಿಂದೆ ಬರೆದಿಟ್ಟಿದ್ದ. ಅದರಲ್ಲಿ ಊರಿನ ಹೆಸರೇ ಇರಲಿಲ್ಲ, ಬರೀ ಅಂಕೆಗಳು. ಅವ್ವ ಅರಿಶಿನದ ಬಟ್ಟಲನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಗಂಗವ್ವನೇ ಎದ್ದು ಅಡುಗೆಮನೆಗೆ ಹೋಗಿ ತಂದಳು. "ಈಗ ಹಚ್ಚೂದು ಬರೋಬರ್ ಐತಿ. ಈಗ ಲಗ್ನದ್ದ ಕಾಗದಾ ಇದು" ಎಂದು ನಾಲ್ಕೂ ಮೂಲೆಗೆ ತನ್ನ ಹೆಬ್ಬೆರಳು ಒತ್ತಿದಳು. ಯಲ್ಲಪ್ಪ ಗೋಡೆಯ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡ. ಎರಡು ದಿನ ಇದ್ದು ಹೋದರು. ಹೋಗುವಾಗ ಹಳೆಯ ಲಕೋಟೆ ಮತ್ತೆ ಆಕೆಯ ಸೆರಗಿನ ಗಂಟು ಸೇರಿತು.

ಆ ಮಳೆಗಾಲ ಮುಗಿಯಲೇ ಇಲ್ಲ ಅನಿಸುತ್ತದೆ ನನಗೆ. ಪೇಪರಿನಲ್ಲಿ ಗುಡ್ಡದ ಸುದ್ದಿ ಒಂದು ಸಾಲು ಬಂದರೂ ಅಪ್ಪ ಅದನ್ನು ಮಡಚಿ ಅವ್ವನ ಕಣ್ಣಿಗೆ ಬೀಳದಂತೆ ಇಡುತ್ತಿದ್ದ. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೂ ಅಡಗಿಸುತ್ತಿದ್ದ. ಮೆಟ್ರಿಕ್‌ನಲ್ಲಿ ನಾನು ಪಾಸಾದೆ, ಅದನ್ನೂ ಯಾರೂ ದೊಡ್ಡದು ಮಾಡಲಿಲ್ಲ. ದೀಪಾವಳಿ ಹತ್ತಿರ ಬಂದಂತೆ ಅವ್ವ ದಿನಕ್ಕೆರಡು ಸಲ "ನೀಲವ್ವ ಪಾಪ" ಅನ್ನುತ್ತಿದ್ದಳು.

ನರಕಚತುರ್ದಶಿಯ ಮುನ್ನಾದಿನ ಕಾರ್ಡು ಬಂತು. ಮೇಲೆ ಪಲ್ಟನ್ನಿನ ಮುದ್ರೆ, ಯಾರೋ ಸಾಹೇಬರು ನೋಡಿ ಬಿಟ್ಟ ಪೆನ್ಸಿಲಿನ ಗುರುತು. ಕಾರ್ಡಿನಲ್ಲಿ ಎರಡು ಸಾಲು ಹಿಂದಿ: ಕಾಗದ ಸಿಕ್ಕಿತು, ಚೆನ್ನಾಗಿದ್ದೇನೆ. ಅದರ ಕೆಳಗೆ ಕನ್ನಡದಲ್ಲಿ, ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಕ್ಷರಗಳಲ್ಲಿ, ಅವ್ವ, ನೀಲವ್ವ, ಅಕ್ಕಾರ. ಮತ್ತು ನಾಲ್ಕೂ ಮೂಲೆಗೆ ಅರಿಶಿನ. ಆ ಗುಡ್ಡದ ಮೇಲೆ ಅವನಿಗೆ ಅರಿಶಿನ ಎಲ್ಲಿಂದ ಬರಬೇಕು, ಪಲ್ಟನ್ನಿನ ಅಡುಗೆಮನೆಯಿಂದ ಬೇಡಿ ತಂದಿದ್ದಾನೆ. ಅವ್ವ ಕಾರ್ಡನ್ನು ಮೂಗಿಗೆ ಹಿಡಿದು ನೋಡಿದಳು. "ಬಳ್ಳೊಳ್ಳಿ ವಾಸನಿ ಐತಿ. ಮತ್ತೊಂದರ ವಾಸನಿನೂ ಐತಿ, ನನ್ನ ಬಾಯಿಲೆ ಹೇಳಸಬ್ಯಾಡ್ರಿ" ಎಂದಳು. ಹೇಳಿ, ಮಾಂಸ ಮುಟ್ಟದ ನಮ್ಮ ಲಿಂಗಾಯತರ ಮನೆಯ ಜಗುಲಿಯ ಮೇಲೆ, ದೇವರ ಪಕ್ಕದಲ್ಲೇ ಕಾರ್ಡನ್ನು ಇಟ್ಟಳು. ಮರುದಿನ ಅದನ್ನು ಹಳ್ಳಿಗೆ ಕಳಿಸಿದೆವು. ಅವತ್ತು ನಮ್ಮ ಮನೆಯಲ್ಲಿ ಉಂಡಷ್ಟು ಹೋಳಿಗೆ ಮತ್ತೆ ಯಾವ ದೀಪಾವಳಿಯಲ್ಲೂ ಉಂಡಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಇನ್ನೊಂದು ಕಾಗದ ಬಂತು, ಹಳ್ಳಿಯಿಂದ. ಟಪಾಲಿನವನಿಂದ ಅದನ್ನು ತೆಗೆದುಕೊಂಡದ್ದು ಅವ್ವ. ಒಂದು ಮೂಲೆ ಹರಿದಿತ್ತು. ಮೂಲೆ ಹರಿದ ಕಾಗದ ಅಂದರೆ ಸಾವಿನ ಸುದ್ದಿ, ನಮ್ಮ ಕಡೆ ಅದನ್ನು ಹೊಸ್ತಿಲ ಒಳಗೂ ತರುವುದಿಲ್ಲ. ಅವ್ವ ಅಂಗಳದಲ್ಲೇ ನಿಂತು ನನ್ನನ್ನು ಕರೆದಳು.

"ಓದು. ಮೊದಲ ಓದು. ಮೂಲಿ ನಂಬಬಾರದು. ಟಪಾಲದಾಗ ಹರದಿರತೈತಿ. ಓದ ನೀ."

ಊರಿನ ಮಾಸ್ತರರ ಕೈ ಬರಹ. ಮೊದಲ ಸಾಲು ಓದಿದೆ. ಗಂಗವ್ವ ತೀರಿಕೊಂಡಿದ್ದಳು. ಜ್ವರ ಬಂದು ನಾಲ್ಕು ದಿನ ಮಲಗಿದ್ದಳು, ಅಷ್ಟೇ. ಪಲ್ಟನ್ನಿಗೆ ತಾರು ಕೊಟ್ಟಿದ್ದೇವೆ, ಹುಡುಗ ಇನ್ನೂ ಮುಟ್ಟಿಲ್ಲ ಎಂದು ಬರೆದಿದ್ದರು.

"ಫಕೀರಲ್ಲ?" ಎಂದಳು ಅವ್ವ.

"ಅಲ್ಲ."

"ಶಿವನ ನಿನ್ನ ಪಾದಕ್ಕ" ಅಂದಳು. ಅಂದ ಬಾಯಲ್ಲೇ, "ಅಯ್ಯ ನನ್ನ ಬಾಯಿಗೆ ಹುಳಾ ಬೀಳಲಿ, ಆಕೀನೂ ತಾಯೆವ್ವ" ಎಂದು ಅಂಗಳದ ಮಣ್ಣಲ್ಲಿ ಕೂತುಬಿಟ್ಟಳು. ನಾವೆಲ್ಲ ಇಷ್ಟು ತಿಂಗಳು ಹೆದರಿಕೊಂಡದ್ದು ಗುಂಡಿನ ನಡುವೆ ಇದ್ದವನಿಗಾಗಿ. ಮನೆಯಲ್ಲಿ ಕೂತು ಹಾದಿ ನೋಡುತ್ತಿದ್ದವಳ ಮೇಲೆ ಯಾರ ಕಣ್ಣೂ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ದೇವರ ಮೇಲೆ ಸಿಟ್ಟು ಬರುತ್ತದೆ.

ಮತ್ತೆ ಬೇಸಿಗೆ ಬಂದು, ಮತ್ತೆ ತಟ್ಟಿ ಕಟ್ಟಿದ ಮೇಲೆ, ಒಂದು ಭಾನುವಾರ ನಳದ ಹತ್ತಿರ ಕೊಡದ ಸಪ್ಪಳವಾಯಿತು. ನೋಡಿದರೆ ಫಕೀರಪ್ಪ ನೀರು ತುಂಬುತ್ತಿದ್ದಾನೆ. ಪಲ್ಟನ್ನು ಕಾಮ್ಟಿಗೆ ತಿರುಗಿ ಬಂದಿತ್ತು. ಕಪ್ಪಾಗಿದ್ದ, ಸೊರಗಿದ್ದ, ಎಡಗಿವಿಯ ತುದಿ ಇರಲಿಲ್ಲ. ಮೀಸೆ ಮಾತ್ರ ಬಂದಿತ್ತು. ಅವನ ಹಿಂದೆ ಹಸಿರು ಸೀರೆಯ ಎತ್ತರದ ಹುಡುಗಿಯೊಬ್ಬಳು ನಿಂತಿದ್ದಳು. ತಾಯಿ ಹೋದ ವರ್ಷದೊಳಗೆ ಮದುವೆ ಆಗಿಬಿಡಬೇಕು ಎಂದು ಯಲ್ಲಪ್ಪ ರಜೆಯಲ್ಲಿ ಅಕ್ಷತೆ ಹಾಕಿಸಿದ್ದ. ನೀಲವ್ವ ನನ್ನನ್ನು ನೋಡಿದಳು, ಮೆಲ್ಲಗೆ ನನ್ನ ಕಾಲು ನೋಡಿದಳು, ಸೆರಗಿನಲ್ಲಿ ನಕ್ಕಳು. "ಇನ್ನೂ ಕಾಲುಂಗರ ಇಲ್ಲವಾ ತಾಯಿ, ಹೆದರಬ್ಯಾಡ" ಎಂದೆ. ಅವ್ವ ಇಬ್ಬರಿಗೂ ದೃಷ್ಟಿ ತೆಗೆದು ಒಳಗೆ ಕರೆದಳು.

ಊಟಕ್ಕೆ ಕೂರುವ ಮುಂಚೆ ಅವನು ಕಿಸೆಯಿಂದ ಆ ಲಕೋಟೆ ತೆಗೆದ. ಅರಿಶಿನ ಕಂದು ತಿರುಗಿತ್ತು, ಸೆರಗಿನ ಗಂಟಿನಲ್ಲಿದ್ದು ಮಡಿಕೆಗಳು ಹರಿದಿದ್ದವು.

"ಅವ್ವನ ತಲಿದಿಂಬಿನ ಕೆಳಗ ಇತ್ರಿ. ನಾನ ಓದಾಕ ನೋಡಿದೆ. ಒದ್ದಾಡಿ ಎರಡ ಸಾಲು ಆತು. ಅವ್ವಗ ಓದಿದಂಗ ನನಗೂ ಒಮ್ಮೆ ಓದ್ರಿ ಇಂದಿರವ್ವ."

ಅದೇ ತಟ್ಟಿಯ ಹತ್ತಿರ ಕೂತು ಓದಿದೆ. ತನ್ನದೇ ಮಾತನ್ನು ಅವನು ಯಾರದೋ ಸುದ್ದಿಯ ಹಾಗೆ ತಲೆ ಬಗ್ಗಿಸಿ ಕೇಳಿದ. ಬುತ್ತಿಯ ಮಾತು ಮುಗಿದಾಗ ಕೈಯೆತ್ತಿ ನನ್ನನ್ನು ನಿಲ್ಲಿಸಿದ.

"ಇಲ್ಲಿ ಅವ್ವ ಏನಂದಳ್ರಿ?"

"ನಾಯಿಗೆ ಮೂರ ವರ್ಷ ಬೈದೀನಲ್ಲ ಅಂದ್ರು."

ನಕ್ಕ. "ಮತ್ತ?"

"ಗುರೆಳ್ಳ ಚಟ್ನಿನೂ ತಿಂದನೇನು ಅಂತ ಕೇಳಿದ್ರು. ಕಾಗದದಾಗ ಇಲ್ಲ ಅಂದೆ. ಬಂದಾಗ ಕೇಳ್ತೀನಿ ಅಂದ್ರು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಫಕೀರಪ್ಪ ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಅದಕ್ಕೇ ಹೇಳಿದ:

"ತಿಂದೀನವಾ. ಎಲಿಗೆ ಹತ್ತಿದ್ದೂ ನೆಕ್ಕೀನಿ."